ನಗ್ಗರ್‌ನ ರೋರಿಚ್ ಮನೆ: ಮನಾಲಿಗೆ ಹೋಗುವವರು ಒಂದು ದಿನ ಇಲ್ಲಿಗೆಂದೇ ಎತ್ತಿಡಿ

ಶಿರಸಿಯವಳು

ಅಪ್ಪನಿಗೆ ಈಗ ಎಪ್ಪತ್ತೆರಡು. ಮೂವತ್ತು ವರ್ಷ ಹೈಸ್ಕೂಲಿನ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟವರು. ಹಿಮಾಲಯವನ್ನು ಕಣ್ಣಾರೆ ನೋಡಿರಲಿಲ್ಲ. ಈ ಅಕ್ಟೋಬರ್‌ನಲ್ಲಿ ಮನಾಲಿಗೆ ಕರೆದುಕೊಂಡು ಹೋಗುತ್ತೇನೆ ಎಂದಾಗ ಅವರು ರೋಹ್ತಾಂಗ್ ಬಗ್ಗೆ ಕೇಳಲಿಲ್ಲ, ಹಿಮದ ಬಗ್ಗೆ ಕೇಳಲಿಲ್ಲ. “ನಗ್ಗರ್ ದಾರಿಯಲ್ಲೇ ಸಿಗುತ್ತದಲ್ಲವೇ? ಅಲ್ಲಿ ಎಷ್ಟು ಹೊತ್ತು ಇರಬಹುದು?” ಎಂದರು.

ಅದಕ್ಕೆ ಐವತ್ತು ವರ್ಷದ ಹಿಂದಿನ ಕಾರಣವಿದೆ. ಮೈಸೂರಿನಲ್ಲಿ ಓದುತ್ತಿದ್ದಾಗ ರವಿವರ್ಮನ ಚಿತ್ರಗಳನ್ನು ನೋಡಲೆಂದು ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ರಷ್ಯಾದ ಚಿತ್ರಕಾರ ನಿಕೊಲಾಸ್ ರೋರಿಚ್ ಬರೆದ ಒಂದು ಬೆಟ್ಟದ ಮುಂದೆ ನಿಂತುಬಿಟ್ಟರಂತೆ. ಬುಡದಲ್ಲಿ ಕಡುನೀಲಿ, ನಡುವೆ ತೆಳು ನೇರಳೆ, ಶಿಖರದಲ್ಲಿ ಹಣ್ಣಾಗುತ್ತಿರುವ ಪೇರಲೆಯ ಒಳಗಿನ ಬಣ್ಣ. ಬೆಟ್ಟಕ್ಕೆ ಇಂಥ ಬಣ್ಣ ಇರಲು ಸಾಧ್ಯವಿಲ್ಲ, ಇದು ಚಿತ್ರಕಾರನ ಕಲ್ಪನೆ ಎಂದು ಅವತ್ತು ಗೆಳೆಯರೊಡನೆ ವಾದಿಸಿದ್ದರು. ನಾವು ಚಿಕ್ಕವರಿದ್ದಾಗಲೂ ಆ ಕಥೆಯನ್ನು ಹೇಳುತ್ತಿದ್ದರು.

ನಗ್ಗರ್ ಇರುವುದು ಬಿಯಾಸ್ ನದಿಯ ಎಡದಂಡೆಯಲ್ಲಿ, ಮನಾಲಿಯಿಂದ ಇಪ್ಪತ್ತು ಕಿಲೋಮೀಟರ್‌ನಷ್ಟು ಕೆಳಗೆ. ಊರಿನ ಕೋಟೆಯನ್ನು ದಾಟಿ ಸುಮಾರು ಒಂದು ಕಿಲೋಮೀಟರ್ ಏರಿದರೆ ದೇವದಾರು ಮರಗಳ ನಡುವೆ ರೋರಿಚ್ ಕುಟುಂಬದ ಮನೆ ಸಿಗುತ್ತದೆ. 1928ರ ಕೊನೆಯಲ್ಲಿ ಇಲ್ಲಿಗೆ ಬಂದ ನಿಕೊಲಾಸ್ 1947ರ ಡಿಸೆಂಬರ್ 13ರಂದು ಇಲ್ಲೇ ತೀರಿಕೊಂಡರು. ಕೆಳಗಿನ ಕೋಣೆಗಳೇ ಈಗ ಚಿತ್ರಶಾಲೆ. ಮಹಡಿಯ ಕೋಣೆಗಳಿಗೆ ಪ್ರವೇಶವಿಲ್ಲ. ಹೊರಗಿನ ಮರದ ಜಗಲಿಯಲ್ಲಿ ನಡೆಯುತ್ತ ಕಿಟಕಿಯ ಗಾಜಿನಿಂದ ಅವರ ಪುಸ್ತಕ, ಮೇಜು, ಕುರ್ಚಿಗಳನ್ನು ನೋಡಬೇಕು. ಪಕ್ಕದ ಶೆಡ್ಡಿನಲ್ಲಿ ಅವರ ಹಳೆಯ ಡಾಜ್ ಕಾರು ನಿಂತಿದೆ. ಅಂಗಳದಲ್ಲಿ ಮರದ ಬುಡಕ್ಕೆ ಕಲ್ಲಿನ ವಿಗ್ರಹಗಳಿವೆ. ಕುದುರೆಯ ಮೇಲೆ ಕುಳಿತ ಗುಗ್ಗಾ ಚೌಹಾಣ್ ಆ ಕಣಿವೆಯ ಜನ ನಂಬುವ ವೀರ, ರೋರಿಚ್ ತಮ್ಮ ಚಿತ್ರಗಳಲ್ಲೂ ಅವನನ್ನು ತಂದಿದ್ದಾರೆ.

ಅಪ್ಪ ಕನ್ನಡಕವನ್ನು ಹಣೆಗೆ ಏರಿಸಿ ಮೊದಲ ಚಿತ್ರಕ್ಕೆ ಎಷ್ಟು ಹತ್ತಿರ ಹೋದರೆಂದರೆ ಕಾವಲಿನವರು ಮೆಲ್ಲಗೆ “ಬಾಬೂಜಿ” ಎಂದು ಕರೆದು ಹಿಂದಕ್ಕೆ ಸರಿಸಬೇಕಾಯಿತು. ಅದೇ ಪುಟ್ಟ ಚಿತ್ರದ ಮುಂದೆ ಇಪ್ಪತ್ತು ನಿಮಿಷ. ನೇರಳೆಯ ಒಂದು ಪಟ್ಟಿ, ಅದರ ಮೇಲೆ ಅದಕ್ಕಿಂತ ತೆಳುವಾದ ಇನ್ನೊಂದು. ಎರಡರ ನಡುವಿನ ಗೆರೆ ಮಸುಕಾಗಿಲ್ಲ, ಕತ್ತರಿಸಿಟ್ಟಂತೆ ಖಚಿತವಾಗಿದೆ. ಆದರೂ ಎರಡು ಹೆಜ್ಜೆ ಹಿಂದೆ ಬಂದರೆ ಅಲ್ಲಿ ಮಂಜು ತುಂಬಿದ ಕಣಿವೆ ಕಾಣುತ್ತದೆ. ನಾನು ನಾಲ್ಕು ಸಲ ಹಿಂದೆ ಮುಂದೆ ನಡೆದು ನೋಡಿದೆ.

ಸಂಜೆ ಹೋಂಸ್ಟೇ ಜಗಲಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆವು. ಸೂರ್ಯ ಕಣಿವೆಯ ಆಚೆಗಿನ ಬೆಟ್ಟದ ಹಿಂದೆ ಇಳಿದಿದ್ದ. ಊರಿನಲ್ಲಿ ಆಗಲೇ ದೀಪ ಹಚ್ಚಿದ್ದರು, ಆದರೆ ಉತ್ತರದ ಹಿಮದ ಸಾಲಿನ ಮೇಲೆ ಮಾತ್ರ ಬಿಸಿಲು ಉಳಿದಿತ್ತು. ಬುಡ ಕಡುನೀಲಿ, ನಡುವೆ ನೇರಳೆ, ತುದಿಯಲ್ಲಿ ಪೇರಲೆಯ ಬಣ್ಣ. ಅಪ್ಪ ಲೋಟವನ್ನು ಕೆಳಗಿಟ್ಟರು. “ಅವನು ಕಲ್ಪಿಸಿಕೊಂಡಿರಲಿಲ್ಲ ಕಣೇ” ಎಂದರು. ಬಣ್ಣ ಆರುವವರೆಗೆ ಮತ್ತೆ ಮಾತಾಡಲಿಲ್ಲ. ಆಮೇಲೆ ಒಳಗೆ ಹೋಗಿ ಚೀಲದಿಂದ ಜಲವರ್ಣದ ಡಬ್ಬಿ ತಂದರು.

ಮನಾಲಿಗೆ ಹೋಗುವವರಿಗೆ ನನ್ನ ಕೋರಿಕೆ ಇಷ್ಟೇ. ಈ ಮನೆಯನ್ನು “ದಾರಿಯಲ್ಲಿ ನೋಡುವ ಜಾಗ”ಗಳ ಪಟ್ಟಿಗೆ ಸೇರಿಸಬೇಡಿ. ಬೆಳಿಗ್ಗೆ ಚಿತ್ರಗಳನ್ನು ನೋಡಿ, ಸಂಜೆ ಅಲ್ಲೇ ಕುಳಿತು ಬೆಟ್ಟಗಳನ್ನು ನೋಡಿ. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧ.

ಬೆಟ್ಟದ ಹಾದಿ

ಓದಿ ಮನಸ್ಸು ತುಂಬಿತು ಅಕ್ಕ. ನಾವು ಮೇ ತಿಂಗಳಿಗೆ ಹೊರಟಿದ್ದೇವೆ, ಜೊತೆಗೆ ಅತ್ತೆ ಇದ್ದಾರೆ, ಅವರಿಗೆ ಮಂಡಿನೋವು. ಹತ್ತುವುದು ಬಹಳ ಇದೆಯೇ? ಮನಾಲಿಯಲ್ಲೇ ಉಳಿದುಕೊಂಡು ಹೋಗಿ ಬಂದರೆ ಸಾಕಾಗುವುದಿಲ್ಲವೇ?

ಶಿರಸಿಯವಳು

ಕಾರು ಮನೆಯ ಹತ್ತಿರದವರೆಗೂ ಹೋಗುತ್ತದೆ. ಒಳಗೆ ಮೆಟ್ಟಿಲು, ಇಳಿಜಾರು ಇದೆ. ಅತ್ತೆಯವರು ಕೆಳಗಿನ ಚಿತ್ರಶಾಲೆಯನ್ನು ನಿಧಾನವಾಗಿ ನೋಡಬಹುದು. ನಿಕೊಲಾಸ್ ಅವರ ಸಮಾಧಿಗೆ ಇಳಿಯುವ ದಾರಿ ಮಾತ್ರ ಮಂಡಿಗೆ ಕಷ್ಟ. ಅಪ್ಪ ಕೋಲೂರಿಕೊಂಡು ಇಳಿದರು. ನಿಕೊಲಾಸ್ ಅವರನ್ನು ದಹನ ಮಾಡಿದ ಜಾಗದಲ್ಲಿ ಒಂದು ದೊಡ್ಡ ಬಂಡೆ ಇದೆ, ಅದರ ಮೇಲಿನ ಬರಹ ಅವರನ್ನು ಮಹರ್ಷಿ ಎಂದೂ ಭಾರತದ ಮಿತ್ರ ಎಂದೂ ಕರೆಯುತ್ತದೆ. ಕಾಲು ಗಟ್ಟಿ ಇರುವವರು ಮೇಲಕ್ಕೂ ಹೋಗಬೇಕು. ಅವರ ‘ಉರುಸ್ವತಿ’ ಸಂಶೋಧನಾ ಸಂಸ್ಥೆಯ ಕಟ್ಟಡಗಳು ಅಲ್ಲಿವೆ. ಹಿರಿಯ ಮಗ ಯೂರಿ ಅದರ ನಿರ್ದೇಶಕರಾಗಿದ್ದರು. ಹಿಮಾಲಯದ ಗಿಡಮೂಲಿಕೆ, ಟಿಬೆಟ್‌ನ ವೈದ್ಯಪದ್ಧತಿ, ಭಾಷೆ ಎಲ್ಲವನ್ನೂ ಅಲ್ಲಿ ಅಭ್ಯಾಸ ಮಾಡುತ್ತಿದ್ದರು.

ಸಾಧ್ಯವಾದರೆ ನಗ್ಗರ್‌ನಲ್ಲೇ ಒಂದು ರಾತ್ರಿ ಉಳಿಯಿರಿ. ಸಂಜೆಯ ಬೆಳಕಿಗಾಗಿ ಹೇಳುತ್ತಿದ್ದೇನೆ. ಮೇ ತಿಂಗಳಲ್ಲಿ ಹೆದ್ದಾರಿಯಲ್ಲಿ ವಾಹನ ಜಾಸ್ತಿ, ಮನಾಲಿಗೆ ಮರಳುವ ಆತುರದಲ್ಲಿ ಆ ಹೊತ್ತು ಕೈತಪ್ಪುತ್ತದೆ. ಸೋಮವಾರ ಚಿತ್ರಶಾಲೆಗೆ ರಜೆ, ಆ ದಿನ ತಪ್ಪಿಸಿ. ಕೋಟೆಯನ್ನೂ ನೋಡಿ. ಕಲ್ಲಿನ ಒಂದು ಸಾಲು, ಮರದ ತೊಲೆಯ ಒಂದು ಸಾಲು ಹೀಗೆ ಕಟ್ಟಿದ ಗೋಡೆ. 1905ರ ಕಾಂಗ್ರಾ ಭೂಕಂಪವನ್ನೂ ತಾಳಿಕೊಂಡಿದೆ. ಅಲ್ಲಿಂದ ತುಸು ಮೇಲೆ ತ್ರಿಪುರಸುಂದರಿಯ ಮರದ ಗುಡಿ. ಅತ್ತೆಯವರಿಗೆ ಅದು ಖಂಡಿತ ಹಿಡಿಸುತ್ತದೆ.

ಎರಡು ಮಕ್ಕಳ ತಾಯಿ

ನಾವು ಮೂರು ವರ್ಷದ ಹಿಂದೆ ಹೋಗಿದ್ದೆವು. ಪ್ರವಾಸ ಏರ್ಪಡಿಸಿದ್ದವರು ಕೊಟ್ಟದ್ದು ಇಪ್ಪತ್ತೈದು ನಿಮಿಷ. ಬಸ್ಸಿನಿಂದ ಇಳಿದು, ಸಾಲಿನಲ್ಲಿ ನಡೆದು, ಕಾರಿನ ಮುಂದೆ ಫೋಟೊ ತೆಗೆಸಿಕೊಂಡು ಬಸ್ಸು ಹತ್ತಿದೆವು. ನನಗೆ ಈಗ ನೆನಪಿರುವುದು ಡಾಜ್ ಕಾರು ಮಾತ್ರ. ಆದರೆ ಆಗ ಏಳು ವರ್ಷದವಳಾಗಿದ್ದ ಮಗಳು ಮರಳಿ ಬಂದಮೇಲೆ ಒಂದು ತಿಂಗಳು ಬೆಟ್ಟಗಳನ್ನೇ ಬರೆದಳು, ಎಲ್ಲವೂ ನೇರಳೆ. ಶಾಲೆಯಲ್ಲಿ ಬೆಟ್ಟಕ್ಕೆ ಹಸಿರು ಹಚ್ಚು ಎಂದರಂತೆ. ನಾನೂ ಹಾಗೇ ಹೇಳಿದ್ದೆ. ನಿಮ್ಮ ಬರಹ ಓದಿದ ಮೇಲೆ ಆ ಹಾಳೆಗಳನ್ನು ಅಟ್ಟದಿಂದ ತೆಗೆಸಿದೆ. ಇವತ್ತು ಅವಳಿಗೆ ಹೇಳಬೇಕು, ಅವಳು ಕಂಡದ್ದೇ ಸರಿ ಎಂದು.

ಹಂಪಿಹೊಳೆ

ಭಾವನೆಗಳನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯ ಹೇಳುತ್ತೇನೆ. ನಾನೂ ಅಲ್ಲಿಗೆ ಹೋಗಿದ್ದೇನೆ. ಹತ್ತು ಚಿತ್ರ ನೋಡಿದ ಮೇಲೆ ಹನ್ನೊಂದನೆಯದು ಹೇಗಿರುತ್ತದೆ ಎಂದು ಗೊತ್ತಾಗಿಬಿಡುತ್ತದೆ. ಬೆಟ್ಟ, ಮಂಜು, ಒಬ್ಬ ಸಾಧಕ. ಬೆಳಕು ನಾಟಕದ ರಂಗದ ಮೇಲೆ ಬಿಟ್ಟಂತೆ. ಇದೇ ಹೊತ್ತಿಗೆ ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕನಾಲ್‌ಗಳಲ್ಲಿ ಬರೆದ ಜಲವರ್ಣಗಳನ್ನು ನೋಡಿ. ಅಲ್ಲಿನ ಮಂಜು ಕಾಗದದಿಂದ ಎದ್ದು ಬರುತ್ತದೆ, ಯಾವ ಸಾಧಕನನ್ನೂ ಕೂರಿಸದೆ ಬೆಟ್ಟ ತಾನೇ ಧ್ಯಾನಕ್ಕೆ ಕುಳಿತಿರುತ್ತದೆ. ರೋರಿಚ್‌ಗೆ ಸಿಕ್ಕ ಪ್ರೀತಿಯ ಕಾಲುಪಾಲು ವೆಂಕಟಪ್ಪನವರಿಗೆ ಸಿಕ್ಕಿಲ್ಲ ಎಂಬ ಸಂಕಟ ನನ್ನದು.

ಬಣ್ಣದ ಪೆಟ್ಟಿಗೆ

ಹಂಪಿಹೊಳೆಯವರೇ, ವೆಂಕಟಪ್ಪನವರ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನದೂ ಒಂದು ಕೈ. ಕಸ್ತೂರಬಾ ರಸ್ತೆಯಲ್ಲಿ ಅವರ ಹೆಸರಿನ ಗ್ಯಾಲರಿಯ ಮುಂದೆ ದಿನವೂ ಹಾದುಹೋಗುವ ಎಷ್ಟೋ ಜನ ಒಮ್ಮೆಯೂ ಒಳಗೆ ಕಾಲಿಟ್ಟಿಲ್ಲ.

ಆದರೆ ರಂಗದ ಬೆಳಕು ಎಂದಿರಲ್ಲ, ಅದನ್ನು ನಾನು ದೋಷವೆಂದು ಎಣಿಸುವುದಿಲ್ಲ. ರೋರಿಚ್ ನಿಜವಾಗಿಯೂ ರಂಗಭೂಮಿಯಿಂದ ಬಂದವರು. 1913ರಲ್ಲಿ ಪ್ಯಾರಿಸ್‌ನಲ್ಲಿ ಸಂಗೀತ ಸಂಯೋಜಕ ಸ್ಟ್ರಾವಿನ್ಸ್ಕಿಯ ‘ವಸಂತದ ಆರಾಧನೆ’ ನೃತ್ಯರೂಪಕ ಮೊದಲ ಸಲ ರಂಗಕ್ಕೆ ಬಂದು ಸಭಾಂಗಣದಲ್ಲಿ ಗಲಾಟೆಯೇ ಎದ್ದಿತು. ಅದರ ಪರದೆಗಳನ್ನೂ ವೇಷಭೂಷಣವನ್ನೂ ರೂಪಿಸಿದವರು ಇವರೇ. ದೂರದ ಸಾಲಿನಲ್ಲಿ ಕುಳಿತವನಿಗೂ ಕಾಣುವಂತೆ ಪರದೆ ಬರೆಯುವವನು ಸಣ್ಣ ವಿವರಗಳನ್ನು ಬಿಟ್ಟು ದೊಡ್ಡ ಆಕಾರಗಳನ್ನು ಹಿಡಿಯುತ್ತಾನೆ. ಹಿಮಾಲಯದ ಮುಂದೆ ನಿಂತಾಗ ಆ ಅಭ್ಯಾಸವೇ ಅವರ ಕೈ ಹಿಡಿಯಿತು ಎಂದು ನಾನು ನಂಬುತ್ತೇನೆ.

ಶಿರಸಿಯ ಮೇಡಂ ಹೇಳಿದ ಕತ್ತರಿಸಿದಂಥ ಗೆರೆಗೆ ಇನ್ನೊಂದು ಕಾರಣವೂ ಇದೆ. ಅದು ಟೆಂಪೆರಾ. ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಅರೆಯದೆ ಮೊಟ್ಟೆಯ ಹಳದಿಯಂಥ, ನೀರಿನೊಂದಿಗೆ ಬೆರೆಯುವ ಅಂಟಿನಲ್ಲಿ ಕಲಸುವ ಕ್ರಮ. ಎಣ್ಣೆಬಣ್ಣ ದಿನಗಟ್ಟಲೆ ಹಸಿಯಾಗಿರುತ್ತದೆ, ಒಂದನ್ನು ಇನ್ನೊಂದರೊಳಗೆ ಉಜ್ಜಿ ಬೆರೆಸಬಹುದು. ಟೆಂಪೆರಾ ಬೇಗ ಒಣಗುತ್ತದೆ. ಹಾಗಾಗಿ ಬಣ್ಣಗಳು ಒಂದರ ಪಕ್ಕ ಒಂದು ಅಂಚು ಕಟ್ಟಿಕೊಂಡೇ ಕೂರುತ್ತವೆ. ಮೇಲ್ಮೈಗೆ ಹೊಳಪೂ ಇರುವುದಿಲ್ಲ, ನೇರ ಬೆಳಕು ಬಿದ್ದರೂ ಮಿಂಚುವುದಿಲ್ಲ. ಎಣ್ಣೆ ಕಾಲ ಕಳೆದಂತೆ ಹಳದಿಗೆ ತಿರುಗಿ ಕಪ್ಪಾಗುತ್ತದೆ ಎಂಬ ಕಾರಣಕ್ಕೇ ರೋರಿಚ್ ಅದನ್ನು ಬಿಟ್ಟು ಟೆಂಪೆರಾ ಹಿಡಿದರು. ನಮ್ಮ ಮೈಸೂರು ಶೈಲಿಯವರೂ ಗೋಂದಿನಲ್ಲಿ ಬಣ್ಣ ಕಲಸುತ್ತಿದ್ದರು. ನಿಮ್ಮ ತಂದೆಯವರಿಗೆ ಅದು ಗೊತ್ತಿರುತ್ತದೆ, ಮೂಗು ತಾಗುವಷ್ಟು ಹತ್ತಿರ ಹೋದದ್ದು ಅದಕ್ಕೇ ಇರಬೇಕು!

ಹಂಪಿಹೊಳೆ

ರಂಗಭೂಮಿಯ ವಿಷಯ ನನಗೆ ಗೊತ್ತಿರಲಿಲ್ಲ. ಇನ್ನೊಮ್ಮೆ ನೋಡುತ್ತೇನೆ. ವೆಂಕಟಪ್ಪನವರ ಪಕ್ಷವನ್ನು ಮಾತ್ರ ಬಿಡುವುದಿಲ್ಲ.

ವೋಲ್ಗಾ ತೀರದಿಂದ

ನಾನು ರಷ್ಯಾದಲ್ಲಿ ವೈದ್ಯಕೀಯ ಓದಿದವನು, ಈಗಲೂ ಇಲ್ಲೇ ಕೆಲಸ. ಇಲ್ಲಿ ಅವರ ಹೆಸರನ್ನು ರ್‍ಯೋರಿಖ್ ಎನ್ನುತ್ತಾರೆ. ಮೊದಲ ವರ್ಷ ಭಾಷೆ ಬಾರದೆ ಒದ್ದಾಡುತ್ತಿದ್ದಾಗ ಹಾಸ್ಟೆಲಿನ ಪಕ್ಕದ ಅಜ್ಜಿಯೊಬ್ಬರು ನಾನು ಭಾರತದವನೆಂದು ತಿಳಿದು ಮೊದಲು ಹೇಳಿದ ಹೆಸರು ರಾಜ್ ಕಪೂರ್, ಎರಡನೆಯದು ರ್‍ಯೋರಿಖ್. ಎರಡನೆಯವರು ಯಾರೆಂದು ನನಗೆ ತಿಳಿದಿರಲಿಲ್ಲ. ಅಜ್ಜಿ ಒಳಗಿನಿಂದ ಒಂದು ಹಳೆಯ ಅಂಚೆಚಿತ್ರದ ಕಟ್ಟು ತಂದರು. ಎಲ್ಲವೂ ನಮ್ಮ ಹಿಮಾಲಯ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನಾನು ಕಾಂಚನಜುಂಗಾವನ್ನು ಮೊದಲು ನೋಡಿದ್ದು ಆ ಅಜ್ಜಿಯ ಅಡುಗೆಮನೆಯಲ್ಲಿ.

ಮಾಸ್ಕೋದ ತ್ರೆತ್ಯಕೋವ್ ಗ್ಯಾಲರಿಯಲ್ಲಿ 1901ರ ‘ಸಾಗರದಾಚೆಯ ಅತಿಥಿಗಳು’ ಇದೆ. ನೀಲಿ ನದಿಯಲ್ಲಿ ಬಣ್ಣಬಣ್ಣದ ದೋಣಿಗಳು, ಮೇಲೆ ಬಿಳಿ ಹಕ್ಕಿಗಳು. ಹಿಮಾಲಯಕ್ಕೆ ಬರುವ ಎರಡು ದಶಕ ಮೊದಲೇ ಅವರ ನೀಲಿ ಹಾಗಿತ್ತು. 1961ರಲ್ಲಿ ಬಾಹ್ಯಾಕಾಶಕ್ಕೆ ಹೋಗಿ ಬಂದ ಯೂರಿ ಗಗಾರಿನ್ ಭೂಮಿಯ ಅಂಚಿನ ಬಣ್ಣಗಳನ್ನು ವಿವರಿಸುವಾಗ ಇವರ ಚಿತ್ರಗಳನ್ನೇ ನೆನೆದರು. ನಿಮ್ಮ ತಂದೆ ಜಗಲಿಯಲ್ಲಿ ಕಂಡದ್ದನ್ನು ಅವರು ಮೇಲಿನಿಂದ ಕಂಡರು.

ಚರಿತ್ರೆ ಮೇಷ್ಟ್ರು

ಚಿತ್ರಗಳ ಮಾತಿನ ನಡುವೆ ಒಂದು ವಿಷಯ ಬಿಟ್ಟುಹೋಗಬಾರದು. ಯುದ್ಧದಲ್ಲಿ ಆಸ್ಪತ್ರೆಯ ಮೇಲೆ ರೆಡ್ ಕ್ರಾಸ್ ಗುರುತು ಇರುವಂತೆ ಗ್ರಂಥಾಲಯ, ವಸ್ತುಸಂಗ್ರಹಾಲಯ, ಗುಡಿ, ಶಾಲೆಗಳ ಮೇಲೂ ಒಂದು ಗುರುತು ಇರಬೇಕು, ಅವುಗಳ ಮೇಲೆ ಬಾಂಬು ಹಾಕಬಾರದು ಎಂದು ಪಟ್ಟು ಹಿಡಿದವರು ರೋರಿಚ್. 1935ರ ಏಪ್ರಿಲ್ 15ರಂದು ಅಮೆರಿಕ ಖಂಡಗಳ 21 ದೇಶಗಳು ವಾಷಿಂಗ್ಟನ್‌ನ ಶ್ವೇತಭವನದಲ್ಲಿ ಆ ಒಪ್ಪಂದಕ್ಕೆ ಸಹಿ ಹಾಕಿದವು. ಬಿಳಿ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಬಿಂದು. ಸಂಸ್ಕೃತಿಯ ಆಸ್ತಿಯನ್ನು ಯುದ್ಧದಿಂದ ಕಾಪಾಡುವ 1954ರ ಹೇಗ್ ಒಪ್ಪಂದಕ್ಕೆ ಇದೂ ಒಂದು ತಳಪಾಯ. ಹಂಪಿಯ ಬಿದ್ದ ಕಂಬಗಳ ನಡುವೆ ಮಕ್ಕಳನ್ನು ನಿಲ್ಲಿಸಿ ಪಾಠ ಮಾಡುವ ನನಗೆ ಅವರ ಬೆಟ್ಟಗಳಷ್ಟೇ ಈ ಮೂರು ಬಿಂದುಗಳೂ ದೊಡ್ಡವು.

ಕನಕಪುರ ರಸ್ತೆ

ಇಷ್ಟೆಲ್ಲ ಓದಿದೆ. ನಗ್ಗರ್‌ನ ಮನೆಯ ಇನ್ನೊಂದು ತುಂಡು ನಮ್ಮ ಬೆಂಗಳೂರಿನಲ್ಲೇ ಇದೆಯಲ್ಲ! ಕಿರಿಯ ಮಗ ಸ್ವೆತೊಸ್ಲಾವ್ 1945ರಲ್ಲಿ ಚಿತ್ರನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ, ಆಮೇಲೆ ಇಬ್ಬರೂ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದರು. 450 ಎಕರೆಗೂ ಮಿಕ್ಕಿದ ತೋಟ. ಸುಗಂಧ ತೈಲ ಕೊಡುವ ಲಿನಲೋ ಮರಗಳನ್ನು ಬೆಳೆಸಿದ್ದರು. ಸ್ವೆತೊಸ್ಲಾವ್ 1993ರ ಜನವರಿಯಲ್ಲಿ, ದೇವಿಕಾ ರಾಣಿ 1994ರ ಮಾರ್ಚ್‌ನಲ್ಲಿ ತೀರಿಕೊಂಡರು. ಅವರ ಸಮಾಧಿ ಆ ತೋಟದಲ್ಲೇ ಇದೆ. ಮಕ್ಕಳಿರಲಿಲ್ಲ, ಆಸ್ತಿಗಾಗಿ ದೊಡ್ಡ ವ್ಯಾಜ್ಯ ನಡೆಯಿತು. ತೋಟವನ್ನು ವಶಕ್ಕೆ ಪಡೆಯಲು ರಾಜ್ಯ ಸರ್ಕಾರ ಮಾಡಿದ ಕಾಯ್ದೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ನನ್ನ ಅಜ್ಜ ಆ ದಾರಿಯಲ್ಲಿ ಹಾಲಿನ ಕ್ಯಾನು ಕಟ್ಟಿಕೊಂಡು ಸೈಕಲ್ ಹೊಡೆಯುತ್ತಿದ್ದರು. ಬಿಳಿಗಡ್ಡದ ಎತ್ತರದ ಮನುಷ್ಯ ಎದುರಾದರೆ ತಾವೇ ಮೊದಲು ಕೈಮುಗಿಯುತ್ತಿದ್ದರಂತೆ. ಅವರು ದೊಡ್ಡ ಚಿತ್ರಕಾರರೆಂದು ಅಜ್ಜನಿಗೆ ತಿಳಿದದ್ದು ಅವರು ತೀರಿಕೊಂಡ ದಿನ, ರೇಡಿಯೊದಲ್ಲಿ.

ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ತಂದೆ, ಮಗ ಇಬ್ಬರ ಚಿತ್ರಗಳೂ ಇವೆ. ಚಿತ್ರಸಂತೆಗೆ ಬರುವ ಲಕ್ಷಗಟ್ಟಲೆ ಜನ ಒಂದು ಗಂಟೆ ಒಳಗೂ ಹೋಗಿ ಬರಲಿ ಎಂಬುದು ನನ್ನ ಬಹುದಿನದ ಆಸೆ.

ಎರಡು ಮಕ್ಕಳ ತಾಯಿ

ಪರಿಷತ್ತು ನಮ್ಮ ಮನೆಯಿಂದ ಒಂದೇ ಬಸ್ಸಿನ ದೂರ. ಮಗಳನ್ನು ಈ ಶನಿವಾರವೇ ಕರೆದುಕೊಂಡು ಹೋಗುತ್ತೇನೆ. ಶಿರಸಿಯ ಅಕ್ಕ, ನಿಮ್ಮ ತಂದೆಯವರು ಜಗಲಿಯಲ್ಲಿ ಬಣ್ಣದ ಡಬ್ಬಿ ತಂದು ಏನು ಬರೆದರು? ಅದನ್ನು ಹೇಳಲೇ ಇಲ್ಲ.

ಶಿರಸಿಯವಳು

ಬೆಟ್ಟವನ್ನು ಬರೆಯಲಿಲ್ಲ. ನೋಟ್‌ಬುಕ್ಕಿನ ಹಾಳೆಯಿಂದ ಉದ್ದನೆಯ ಒಂದು ಚೂರು ಕತ್ತರಿಸಿ ಅದರ ಮೇಲೆ ನಾಲ್ಕು ಪಟ್ಟಿ ಬಣ್ಣ ಹಚ್ಚಿದರು, ಕೆಳಗಿನಿಂದ ಮೇಲಕ್ಕೆ. ಬೆಳಕು ಆಗಲೇ ಹೋಗಿತ್ತು, ಮೊಬೈಲ್ ದೀಪ ಹಿಡಿದವಳು ನಾನು. ಮರುದಿನ ಸಂಜೆ ಅದನ್ನು ಹಿಮದ ಸಾಲಿಗೆ ಎತ್ತಿ ಹಿಡಿದು ಹೋಲಿಸಿದರು, ಮೂರನೆಯ ಪಟ್ಟಿಯನ್ನು ತಿದ್ದಿದರು.

ಕನಕಪುರ ರಸ್ತೆಯವರ ಮಾತು ಓದಿ ಹೇಳಿದೆ. ಊರಿಗೆ ಹೊರಡುವ ಬಸ್ಸನ್ನು ಒಂದು ದಿನ ಮುಂದೂಡಿ ನಿನ್ನೆ ಇಬ್ಬರೂ ಪರಿಷತ್ತಿಗೆ ಹೋಗಿದ್ದೆವು. ಅಪ್ಪ ಆ ಚೂರನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದಾರೆಂದು ನನಗೆ ಗೊತ್ತಿರಲಿಲ್ಲ. ನಿಕೊಲಾಸ್ ಅವರ ಒಂದು ಬೆಟ್ಟದ ಮುಂದೆ ಬೆಂಚಿನಷ್ಟು ದೂರ ನಿಂತು, ಒಂದು ಕಣ್ಣು ಮುಚ್ಚಿ, ಕಾಗದವನ್ನು ಎತ್ತಿ ಹಿಡಿದರು. ಶಾಲೆಯಲ್ಲಿ ಪೆನ್ಸಿಲಿನಿಂದ ಅಳತೆ ತೆಗೆಯಲು ಕಲಿಸುತ್ತಿದ್ದರಲ್ಲ, ಅದೇ ಭಂಗಿ. ತುಂಬಾ ಹೊತ್ತು ಹಾಗೇ ನಿಂತಿದ್ದರು. ಮೂರನೆಯದು ಕೂಡಿ ಬಂದಿದೆ, ಎರಡನೆಯದರಲ್ಲಿ ನೀಲಿ ಒಂದು ಹನಿ ಹೆಚ್ಚಾಗಿದೆ ಎಂದರು.